ಮೂರನೆಯ ಸಲ ಸಾಯದ ರಹೀಮ

ಹರದನಹಳ್ಳಿಯ ಹುಡುಗರು ಗುಂಡ್ಲುಪೇಟೆಗೆ ಬಂದು, ದೇಶ ಎರಡು ಹೋಳಾದ ಕಥೆಯನ್ನು ನಾಟಕವಾಡುತ್ತಿದ್ದರು. ಕೋಳಿ ಕೊಯ್ಯುವಾಗಲೂ ಹಿತ್ತಿಲಿಗೆ ಓಡುವ ಹುಚ್ಚಯ್ಯನಿಗೆ, ಮೀಸೆ ದಪ್ಪಗಿದೆ ಎಂಬ ಒಂದೇ ಕಾರಣಕ್ಕೆ ಕೊಲೆಗಾರನ ಪಾತ್ರ ಕೊಟ್ಟಿದ್ದರು. ದಿಲ್ಲಿಯ ಬೀದಿಯಲ್ಲಿ ಅವನು ಬಾಲ್ಯದ ಗೆಳೆಯ ರಹೀಮನನ್ನು ಇರಿಯಬೇಕು. ತಗಡಿನ ಚೂರಿ ಹಿಡಿದು, ಕಣ್ಣು ಮುಚ್ಚಿಕೊಂಡು ಇರಿದ. ರಹೀಮನಾಗಿದ್ದ ನೀಲಕಂಠಸ್ವಾಮಿ ಸಾಯುತ್ತಾ ಎಷ್ಟು ಚೆನ್ನಾಗಿ ಹಾಡಿದನೆಂದರೆ, ಜನ "ಒನ್ಸ್ ಮೋರ್" ಎಂದು ಕೂಗಿಬಿಟ್ಟರು.

ಜನ ಹಾಗೆ ಕೂಗಿದರೆ ಸತ್ತವನೂ ಎದ್ದು ಹಾಡಬೇಕು, ಅದು ನಾಟಕದ ಪದ್ಧತಿ. ನೀಲಕಂಠಸ್ವಾಮಿ ಧೂಳು ಕೊಡವಿಕೊಂಡು ಎದ್ದ. ಹುಚ್ಚಯ್ಯ ಮತ್ತೆ ಇರಿದ. ಜನ ಮತ್ತೆ ಕೂಗಿದರು.

ಮೂರನೆಯ ಸಲ ಸಾಯಲು ಎದ್ದು ನಿಂತ ಗೆಳೆಯನ ಮುಖ ನೋಡಿದ ಹುಚ್ಚಯ್ಯನಿಗೆ ಕೈ ಮೇಲೇಳಲಿಲ್ಲ. ಮೊದಲು ಇರಿದದ್ದು ನಾಟಕ ಕಲಿಸಿದ ಮೇಷ್ಟ್ರು ಹೇಳಿದ್ದಕ್ಕೆ, ಆಮೇಲೆ ಜನ ಕೇಳಿದ್ದಕ್ಕೆ. ಈಗ ಇರಿದರೆ ತಾನೇ ಇರಿದಂತೆ ಎನಿಸಿತು.

"ಚುಚ್ಲಾ, ಜನ ಕಾಯ್ತಾವ್ರೆ," ಎಂದು ಸಾಯಬೇಕಾದವನೇ ಪಿಸುಗುಟ್ಟಿದ.

"ಆಗಕಿಲ್ಲ ಕಣ್ಲಾ. ಎದ್ದೆದ್ದು ಬರೋನ್ನ ಎಷ್ಟ್ ಸಲ ಅಂತ ಕೊಲ್ಲನ? ನಡಿ, ಕಾಪಿ ಕುಡಿಯನ," ಎಂದು ಹುಚ್ಚಯ್ಯ ಅವನ ಹೆಗಲ ಮೇಲೆ ಕೈ ಹಾಕಿದ.

ರಹೀಮನ ಹೆಂಡತಿಯಾಗಿ ಸೀರೆಯುಟ್ಟಿದ್ದ ದೊಡ್ಡಬೀರಯ್ಯ ಸೈಡಿನಿಂದ ತಲೆ ಹಾಕಿದ.

"ನನ್ ಅಳೋ ಪದ ಏನಾಯ್ತದ್ಲಾ? ತಿಂಗ್ಳಿಂದ ಕಲ್ತಿವ್ನಿ."

"ಗಂಡ ಬದ್ಕವ್ನೆ ಕಣಮ್ಮಿ. ನಗೋ ಪದ ಯಾವ್ದಾರ ಹಾಡು," ಎಂದ ಹುಚ್ಚಯ್ಯ.

ದೊಡ್ಡಬೀರಯ್ಯನಿಗೆ ಬರುತ್ತಿದ್ದ ನಗುವ ಪದ ಒಂದೇ. ಸೆರಗು ಸರಿಮಾಡಿಕೊಂಡು ಮುಂದೆ ಬಂದು, ಹಿಂದಿನ ಪರದೆಯಲ್ಲಿ ದಿಲ್ಲಿ ಹೊತ್ತಿ ಉರಿಯುತ್ತಿರುವಾಗಲೇ ಮದುವೆಮನೆಯ ಸೋಬಾನೆ ಶುರುಮಾಡಿದ.