ದೊಡ್ಡಪ್ಪನ ತೊಟ್ಟಿ

"ಕತ್ತು ಹಿಡ್ಕೊಂಡು ನೀರಲ್ಲಿ ಮುಳುಗಿಸಿದ್ರು ಅಂದ್ರೆ ಮುಗೀತು, ಇಪ್ಪತ್ತು ಎಣಿಸೋ ತನಕ ಬಿಡ್ತಿರಲಿಲ್ಲ ದೊಡ್ಡಪ್ಪ!" ಎಂದು ಅಣ್ಣ ಮೇಜು ಗುದ್ದಿ ನಕ್ಕ.

ಮಕ್ಕಳಿಬ್ಬರೂ ಬಿದ್ದು ಬಿದ್ದು ನಕ್ಕರು. ಒಬ್ಬಳು ಅವನ ಮಗಳು, ಆರು ವರ್ಷದ ಚೋಟು. ಇನ್ನೊಬ್ಬಳು ತಂಗಿಯ ಮಗಳು, ಹತ್ತು ದಾಟಿದವಳು. ತಂಗಿ ಮಾತ್ರ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಯಾರದೋ ಪ್ಯಾಂಟಿಗೆ ಜಿಪ್ ಬದಲಿಸುತ್ತಿದ್ದಳು.

ಅಣ್ಣ ತಂಗಿ ಬಿಟ್ಟು ಬಂದ ಆ ದೇಶದ, ಬಾಲ್ಯದ ಬೇಸಿಗೆ ರಜೆ ಅಣ್ಣನ ಬಾಯಲ್ಲಿ ಸ್ವರ್ಗವೇ ಸರಿ. ಮರ ಹತ್ತಿದ್ದು, ತಾರಸಿಯ ಮೇಲೆ ಸಾಲಾಗಿ ಮಲಗಿದ್ದು, ಕಲ್ಲು ತೊಟ್ಟಿಯ ತಣ್ಣೀರು. ದೊಡ್ಡಪ್ಪನ ಬೆಲ್ಟಿನ ಏಟೂ ಅದರಲ್ಲೇ ಸೇರಿಹೋಗಿತ್ತು. ಆ ಮನೆಯವರ ರೀತಿಯೇ ಹಾಗೆ, ತಿಂದ ಏಟನ್ನು ತಮಾಷೆ ಮಾಡಿಯೇ ಹೇಳಬೇಕು. ಅತ್ತುಕೊಂಡು ಹೇಳಿದರೆ ಅಳುಬುರುಕಿ ಎಂಬ ಹೆಸರು. ತೊಟ್ಟಿಯಲ್ಲಿ ಮೂಗಿಗೆ ನೀರು ನುಗ್ಗಿ ಉಚ್ಚೆ ಹೊಯ್ದುಕೊಂಡದ್ದನ್ನು ತಂಗಿಯೂ ಮಗಳಿಗೆ ನಗುವ ಹಾಗೆಯೇ ಹೇಳಿದ್ದಳು. ಆಮೇಲೆ ತಿಂಗಳುಗಟ್ಟಲೆ ತಲೆಗೆ ನೀರು ಬಿದ್ದರೆ ಕಿರುಚುತ್ತಿದ್ದೆ ಎಂಬುದನ್ನು ಹೇಳಿರಲಿಲ್ಲ.

"ಈ ರಜೆಗೆ ಚೋಟು ಜೊತೆ ನಿನ್ನ ಮಗಳನ್ನೂ ಅಲ್ಲಿಗೆ ಕರ್ಕೊಂಡು ಹೋಗ್ತೀನಿ. ದೊಡ್ಡಪ್ಪ ಇನ್ನೂ ಗುಂಡುಕಲ್ಲಿನ ಹಾಗಿದ್ದಾರೆ. ಟಿಕೆಟ್ ಮಾಡಿಸ್ಬೇಕು, ಬೇಗ ಹೂಂ ಅನ್ನು ಮಾರಾಯ್ತಿ."

"ಅಮ್ಮಾ, ಪ್ಲೀಸ್ ಅಮ್ಮಾ!" ಮಗಳು ಕುಣಿದಳು.

ತಂಗಿ ಬೇಡ ಎನ್ನಬೇಕಿತ್ತು. ಯಾಕೆ ಎಂದು ಕೇಳಿದರೆ? ಇಷ್ಟು ವರ್ಷ ನಗುತ್ತ ಹೇಳಿದವಳು ಈಗ ಯಾವ ಮುಖ ಇಟ್ಟುಕೊಂಡು ನಿಜ ಹೇಳುವುದು? "ನೋಡೋಣ" ಎಂದು ಜಾರಿಕೊಂಡಳು, ಪುಕ್ಕಲಿ.

ಮಕ್ಕಳು ಆಡಲು ಒಳಗೆ ಓಡಿದರು. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ನೀರಿನ ಸದ್ದು, ನಗು, ಎಣಿಕೆ ಕೇಳಿಸಿತು. ನಗುತ್ತಿರುವುದು ತನ್ನ ಮಗಳೊಬ್ಬಳೇ ಎಂದು ತಂಗಿಗೆ ಹೊಳೆದದ್ದೇ ತಡ, ಕುರ್ಚಿ ಹಿಂದಕ್ಕೆ ಉರುಳಿತು.

ಚೋಟುವಿನ ತಲೆ ನೀರಿನ ಡ್ರಮ್ಮಿನೊಳಗಿತ್ತು. ಕಾಲು ಗಾಳಿಯಲ್ಲಿ ಒದೆಯುತ್ತಿತ್ತು, ಆಮೇಲೆ ಒದೆಯಲಿಲ್ಲ. ಮಗಳು ಎರಡೂ ಕೈಯಿಂದ ಅವಳ ಕತ್ತು ಅದುಮಿ "ಹದಿನಾರು" ಎನ್ನುತ್ತಿದ್ದಳು. ತಂಗಿ ಮಗಳನ್ನು ಗೋಡೆಗೆ ಬಡಿಯುವಂತೆ ತಳ್ಳಿ, ಚೋಟುವನ್ನು ಎಳೆದು ಮಂಡಿಯ ಮೇಲೆ ಬೋರಲು ಹಾಕಿದಳು. ತುಟಿ ನೀಲಿಗಟ್ಟಿತ್ತು. ಬೆನ್ನು ಗುದ್ದಿದಳು, ಬೈದಳು, ಕಂಡಕಂಡ ದೇವರನ್ನೆಲ್ಲ ಕೂಗಿದಳು. ಕೊನೆಗೂ ಮಗು ನೀರು ಕಕ್ಕಿ ಕಿಟಾರನೆ ಕಿರುಚಿತು.

ಓಡಿಬಂದ ಅಣ್ಣ ಆಗಲೇ ಬೆಲ್ಟ್ ಬಿಚ್ಚಿದ್ದ. "ಕೊಂದೇ ಹಾಕ್ತೀನಿ ನಿನ್ನ!"

ಮೊದಲ ಏಟಿಗೇ ಹುಡುಗಿಯ ಕೆನ್ನೆ ಒಡೆದು ರಕ್ತ ಬಂತು. ಎರಡನೆಯದಕ್ಕೆ ಅವನು ಕೈ ಎತ್ತುವಷ್ಟರಲ್ಲಿ ತಂಗಿ ಸ್ಟೀಲಿನ ಚೊಂಬನ್ನು ಅವನ ಮಣಿಕಟ್ಟಿಗೆ ಬೀಸಿದಳು. ಮೂಳೆ ಲಟಕ್ಕೆಂದಿತು. ಮತ್ತೂ ಒಂದು ಬೀಸಿದಳು.

"ನಾವು ಹೇಳಿಕೊಟ್ಟಿದ್ದನ್ನೇ ಮಾಡಿದ್ಲಲ್ಲೋ! ನೀನು ನಗ್ತಾ ಹೇಳ್ದೆ, ನಾನೂ ನಗ್ತಾ ಹೇಳ್ದೆ. ಆ ತೊಟ್ಟೀಲಿ ನಾನು ಸಾಯ್ತಿದ್ದೆ ಅಣ್ಣಾ! ನನ್ನ ಮಗಳು ಅಲ್ಲಿಗೆ ಕಾಲಿಡಲ್ಲ. ಇವತ್ತಿಗೂ ಇಲ್ಲ, ಎಂದಿಗೂ ಇಲ್ಲ."

ಅಣ್ಣ ಮುರಿದ ಕೈಯನ್ನು ಎದೆಗೊತ್ತಿಕೊಂಡು ಒದ್ದೆ ನೆಲದ ಮೇಲೆ ಕುಸಿದ.

ಹುಡುಗಿ ಕೆನ್ನೆಯ ರಕ್ತ ಒರೆಸಿಕೊಳ್ಳುತ್ತ ಕೇಳಿದಳು, "ಮಾವ, ನಿಮಗೆ ಅವಾಗ ಖುಷಿ ಆಗ್ತಿತ್ತಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ. ನೆಟ್ಟಗಿದ್ದ ಕೈಯನ್ನು ಮಗಳ ಕಡೆ ಚಾಚಿದ.

ಚೋಟು ಒದ್ದೆ ತಲೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು.