ಎಲೆಯ ಕೆಳಮೈ

ತಂಗಿಯ ಗಂಡ ಲ್ಯಾಬಿನ ಬಾಗಿಲು ತಳ್ಳಿ ಒಳಬಂದಾಗಲೇ ಅಕ್ಕ ಮೂಗು ಮುರಿದಳು. ಎಲೆಗಳು ಉಸಿರಾಡುವ ರಂಧ್ರಗಳನ್ನು ಓದುವುದರಲ್ಲೇ ಅರ್ಧ ಆಯಸ್ಸು ಸವೆಸಿದವಳು ಅವಳು. ಅವನೋ, ಬಾಟಲಿಗೆ ಅದೆಂಥದೋ ನೀರು ತುಂಬಿಸಿ ಕುಂಡದ ಗಿಡಗಳಿಗೆ ಔಷಧಿ ಎಂದು ಮಾರುವ ಮಹಾನುಭಾವ. ಹಿಂದೆಯೇ ತಂಗಿ ಬಂದಳು. ಮದುವೆಗೆ ಮುಂಚೆ ಇದೇ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂರುತ್ತಿದ್ದವಳು. ಆ ಜಾಗ ಈಗ ಮತ್ತೆ ಖಾಲಿಯಿತ್ತು. ಈ ಬೊಗಳೆ ವ್ಯಾಪಾರದಿಂದ ತಂಗಿಯನ್ನು ಬಿಡಿಸಿ ಅಲ್ಲಿ ಕೂರಿಸಬೇಕು, ಅಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ.

"ಅತ್ತಿಗೆ, ನಮ್ಮ ಸ್ಪ್ರೇ ಹೊಡೆದ್ರೆ ಎಲೇಲಿ ಉಸಿರಾಡೋ ತೂತು ಎರಡರಷ್ಟಾಗುತ್ತೆ. ನೀವು ಒಂದ್ಸಲ ಹೌದು ಅಂದ್ಬಿಡಿ, ಸಾಕು," ಎಂದು ಅವನು ಮೇಜಿನ ಮೇಲೆ ಮೈಕ್ರೋಸ್ಕೋಪಿನಲ್ಲಿ ತೆಗೆದ ಎರಡು ಫೋಟೊ ಇಟ್ಟ. ಒಂದು ಸ್ಪ್ರೇಗೆ ಮುಂಚಿನದು, ಇನ್ನೊಂದು ಆಮೇಲಿನದು.

"ಬಲಿತ ಎಲೆಗೆ ಹೊಡೆದ್ರಾ?"

"ಹ್ಞೂಂ, ಚೆನ್ನಾಗಿ ಬಲಿತಿದ್ದಕ್ಕೇ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಎಷ್ಟು ತೂತು ಅಂತ ಎಲೆ ಚಿಗುರಾಗಿದ್ದಾಗಲೇ ತೀರ್ಮಾನ ಆಗಿರುತ್ತೆ ಸ್ವಾಮೀ. ಬೆಳಕು ಎಷ್ಟಿದೆ, ಗಾಳಿ ಹೇಗಿದೆ ಅಂತ ಹಳೇ ಎಲೆಗಳು ನೋಡ್ಕೊಂಡು ಚಿಗುರಿಗೆ ಸುದ್ದಿ ಮುಟ್ಟಿಸ್ತವೆ. ಬಲಿತ ಮೇಲೆ ನೀವು ಅಮೃತ ಸುರಿದ್ರೂ ಹೊಸ ತೂತು ಹುಟ್ಟಲ್ಲ. ಮೊದಲನೇ ಫೋಟೊ ಎಲೆಯ ಮೇಲ್ಗಡೇದು, ಎರಡನೇದು ಕೆಳಗಡೇದು. ಈ ಗಿಡಕ್ಕೆ ತೂತು ಜಾಸ್ತಿ ಇರೋದೇ ಕೆಳಗಡೆ. ಯಾರ ಕಿವಿಗೆ ಹೂ ಇಡೋಕೆ ಬಂದ್ರಿ?"

ಅವನು ಫೋಟೊಗಳನ್ನು ಮಿಕಮಿಕ ನೋಡಿದ. "ಎಲೆಗೆ ಎರಡು ಕಡೇನೂ ಒಂದೇ ಅಲ್ವಾ?"

ಇಂಥ ತಲೆಗೆ ನನ್ನ ತಂಗಿಯನ್ನು ಕಟ್ಟಿದೆವಲ್ಲ ಎಂದು ಅಕ್ಕನಿಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಅವನು ಮಾತಾಡುತ್ತ ಹೊರಗೆ ಹೋದ.

"ನೋಡಿದ್ಯಾ ನಿನ್ನ ಗಂಡನ ಮೋಸಾನ?" ಎಂದಳು ಅಕ್ಕ, ಗೆದ್ದವಳ ದನಿಯಲ್ಲಿ.

ತಂಗಿ ಫೋಟೊಗಳನ್ನು ಎತ್ತಿ ಬ್ಯಾಗಿಗೆ ಹಾಕಿಕೊಂಡಳು. "ಮೋಸ ಮಾಡೋಕೂ ಸ್ವಲ್ಪ ಓದಿರಬೇಕು ಅಕ್ಕ. ಅವರಿಗೆಲ್ಲಿ ಗೊತ್ತು ಇದೆಲ್ಲ? ಫೋಟೊ ತೆಗೆದಿದ್ದು ನಾನು. ನಿನ್ನ ಹತ್ರ ಮಾತ್ರ ತರೋದು ಬೇಡ ಅಂತ ಬಡ್ಕೊಂಡೆ, ಕೇಳಲಿಲ್ಲ."

"ನೀನಾ?"

"ಕೊಳ್ಳೋರು ಯಾರೂ ಎಲೆ ತಿರುಗಿಸಿ ನೋಡಲ್ಲ."

ನಾಳೆಯಿಂದ ಲ್ಯಾಬಿಗೆ ಬಾ ಎನ್ನಬೇಕೆಂದಿದ್ದ ಅಕ್ಕ ಮೈಕ್ರೋಸ್ಕೋಪಿನ ಮುಂದಿನ ಖಾಲಿ ಕುರ್ಚಿಯನ್ನು ಮೇಜಿನಡಿಗೆ ಸರಿಸಿಬಿಟ್ಟಳು. ಹೊರಗೆ ಅವನು ಯಾರಿಗೋ, "ನಮ್ಮನೆಯವಳು ದೊಡ್ಡ ಲ್ಯಾಬಲ್ಲಿ ಇದ್ದವಳು ರೀ, ಅವಳು ಹೇಳಿದ್ಮೇಲೆ ಮುಗೀತು!" ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ಆ ಪೆದ್ದನನ್ನು ಕಂಡು ಅಕ್ಕನಿಗೆ ಮೊದಲ ಸಲ ಅಯ್ಯೋ ಪಾಪ ಅನ್ನಿಸಿತು.