ಆರ್ಥರನ ಪಿಂಡ

ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಡಾವಣೆಯಲ್ಲಿ, ಮಗಳ ಮನೆಯ ಹಿತ್ತಿಲಲ್ಲಿ ಗೋಪೀನಾಥರು ಎರಡು ಪಿಂಡ ಇಟ್ಟು ಕಾಗೆಗಾಗಿ ಕಾದರು. ಮೊದಲನೆಯದು ಹೆಂಡತಿ ಅರುಂಧತಿಯದು. ಕಾಗೆ ಬಂದು ಅದನ್ನು ಕ್ಷಣದಲ್ಲಿ ಮುಗಿಸಿತು. ಜೀವಮಾನವೆಲ್ಲ ಬಡಿಸಿ ಕೊನೆಗೆ ಉಂಡವಳು, ಇಂದು ಮೊದಲು ಉಂಡಳು. ಎರಡನೆಯದನ್ನು ಕಾಗೆ ಕತ್ತು ಕೊಂಕಿಸಿ ನೋಡಿ, ಬೇಲಿ ಏರಿ ಕುಳಿತಿತು.

ಅದು ಆರ್ಥರನದು. ಆರ್ಥರ್ ನೂರು ವರ್ಷದ ಹಿಂದಿನ ರಗ್ಬಿ ಲೀಗ್ ಆಟಗಾರ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಿಯೇ ಹೊಟ್ಟೆ ಹೊರೆದವನು. ಇಪ್ಪತ್ತಮೂರನೇ ವಯಸ್ಸಿಗೆ ಮೊದಲ ಮಹಾಯುದ್ಧಕ್ಕೆ ಹೋಗಿ ಫ್ರಾನ್ಸಿನಲ್ಲಿ ಮಣ್ಣಾದ. ಇಲ್ಲಿನ ಉದ್ಯಾನದ ಯುದ್ಧಸ್ಮಾರಕದ ಕಲ್ಲಿನ ಮೇಲೆ ಅವನ ಹೆಸರು ಓದಿದಾಗಿನಿಂದ ಅರುಂಧತಿ ಸಿಡ್ನಿಗೆ ಬಂದಾಗಲೆಲ್ಲ ಅಲ್ಲೊಂದು ದಾಸವಾಳ ಇಡುತ್ತಿದ್ದಳು. "ಮದುವೆಯಿಲ್ಲ, ಮಕ್ಕಳಿಲ್ಲ. ಪಿತೃಪಕ್ಷದಲ್ಲಿ ಇವನಿಗೂ ಒಂದು ಹಿಡಿ ಅನ್ನ ಇಡ್ರೀ" ಎಂದದ್ದೇ ಆಸ್ಪತ್ರೆಯಲ್ಲಿ ಅವಳ ಕೊನೆಯ ಮಾತು. ಅದಕ್ಕೇ ಗೋಪೀನಾಥರು ಮೆಲ್ಬರ್ನಿನ ಮಗನ ಮನೆಯಿಂದ ವಿಮಾನ ಹತ್ತಿ ಬಂದದ್ದು. ಕಾಗೆ ಮುಟ್ಟದಿದ್ದರೆ ಅವಳ ಮಾತು ನಡೆಸಿದ ಹಾಗಾಗುವುದಿಲ್ಲ.

"ಏನಪ್ಪಾ ನಿನ್ನ ಆಸೆ?" ಎಂದು ಕೈಮುಗಿದರು. "ನಿನ್ನ ಕ್ಲಬ್ ಗೆಲ್ಲಲಿ ಅಂತ ಹರಕೆ ಹೊರ್ತೀನಿ."

ಕಾಗೆ ರೆಕ್ಕೆ ಕೆರೆದುಕೊಂಡಿತು.

"ಇನ್ಮೇಲೆ ಹೂವು ನಾನೇ ಇಡ್ತೀನಿ."

ಕಾಗೆ ಬೆನ್ನು ತಿರುಗಿಸಿತು.

ಮಗಳು ಶರ್ಮಿಳಾ ಬಾಗಿಲಲ್ಲಿ ನಿಂತು, "ಅಪ್ಪಾ, ಅವ್ನು ಮೀಟ್ ಪೈ ತಿಂದು ಬೆಳೆದವ್ನು. ಎಳ್ಳನ್ನ ಮುಟ್ತಾನಾ?" ಎಂದಳು.

"ಬಾಯ್ಮುಚ್ಚೇ, ಮಡೀಲಿದ್ದೀನಿ."

"ಮಡೀಲಿ ಮಫ್ಲರಾ?"

"ಉಣ್ಣೆಗೆ ಮೈಲಿಗೆ ಇಲ್ಲ ಕಣೇ."

"ಅಯ್ಯೋ, ಅದೇ ಅಪ್ಪಾ ಪ್ರಾಬ್ಲಮ್ಮು! ಅದು ಮೆಲ್ಬರ್ನ್ ಫುಟ್ಬಾಲ್ ಟೀಮಿನ ಬಣ್ಣ. ಅವ್ರ ಆಟ ಬೇರೆ, ಇವ್ನ ರಗ್ಬಿ ಬೇರೆ. ಸಿಡ್ನಿ ಹುಡುಗ ಅದನ್ನ ನೋಡ್ಕೊಂಡು ಊಟ ಮಾಡ್ತಾನಾ?"

ಗೋಪೀನಾಥರ ಕೈ ಕುತ್ತಿಗೆಗೆ ಹೋಯಿತು. ಮೆಲ್ಬರ್ನಿನ ಮೊಮ್ಮಗ ಅದ್ವಿಕ್‌ನ ಮೆಚ್ಚಿನ ಟೀಮೆಂದು ಅರುಂಧತಿ ಹೆಣೆಯುತ್ತಿದ್ದ ಮಫ್ಲರ್. ಒಂದು ತುದಿ ಮುಗಿದೇ ಇರಲಿಲ್ಲ. ಹನ್ನೊಂದು ತಿಂಗಳಿಂದ ಸ್ನಾನದ ಹೊತ್ತು ಬಿಟ್ಟರೆ ಅವರು ಅದನ್ನು ತೆಗೆದವರಲ್ಲ.

"ನೀನು ಕರೆದ ಅತಿಥಿಗೆ ಬಹಳ ಗತ್ತು ಕಣೇ, ಅರುಂಧತಿ" ಎಂದು ಗೊಣಗುತ್ತ, ಮಫ್ಲರನ್ನು ಬಟ್ಟೆ ಒಣಹಾಕುವ ತಂತಿಗೆ ಹಾಕಿ ಹಿಂದೆ ಸರಿದರು.

ಕಾಗೆ ಇಳಿದು ಬಂತು. ಒಂದಗುಳೂ ಬಿಡದೆ ತಿಂದಿತು. ಗೋಪೀನಾಥರು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ತಂತಿಗೆ ಹಾರಿ, ಮಫ್ಲರಿನ ಬಿಚ್ಚಿದ ತುದಿಯನ್ನು ಕಚ್ಚಿ ಎಳೆಯತೊಡಗಿತು.

"ಏಯ್, ಕಳ್ಳಾ!" ಎಂದು ನುಗ್ಗಿ ಅವರು ಮಫ್ಲರನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದರು. ಕಾಗೆ ನೂಲು ಬಿಡಲಿಲ್ಲ. ಅದು ಎರಗಿದ ರಭಸಕ್ಕೆ ಪಂಚೆ ಕಾಲಿಗೆ ತೊಡರಿ, ಹುಲ್ಲಿನ ಮೇಲೆ ಬೋರಲು ಬಿದ್ದರು.

"ಟ್ಯಾಕಲ್! ರಗ್ಬೀಲಿ ಹೀಗೇ ಕೆಡವೋದು!" ಶರ್ಮಿಳಾ ನಗು ತಡೆಯಲಾರದೆ ಹೊಸ್ತಿಲ ಮೇಲೇ ಕುಳಿತುಬಿಟ್ಟಳು.

ಬಿದ್ದಲ್ಲಿಂದಲೇ ಗೋಪೀನಾಥರು ತಲೆಯೆತ್ತಿದರು. ಸೆಪ್ಟೆಂಬರ್ ಇಲ್ಲಿ ವಸಂತ; ಬೇಲಿಯಾಚೆಯ ಚಿಗುರಿದ ಮರದಲ್ಲಿ ಅರ್ಧ ಕಟ್ಟಿದ ಗೂಡು ಕಾಣಿಸಿತು. ಅವರು ಮಫ್ಲರನ್ನು ಒಮ್ಮೆ ಮೂಗಿಗೆ ಒತ್ತಿಕೊಂಡು, ಹಿಡಿತ ಸಡಿಲಿಸಿದರು.

"ತಗೊಂಡ್ಹೋಗಪ್ಪಾ, ಈಗಲಾದ್ರೂ ಸಂಸಾರ ಹೂಡು" ಎಂದರು. "ಆದ್ರೆ ಮೆಲ್ಬರ್ನ್ ಬಣ್ಣದಲ್ಲೇ ಮಲಗ್ಬೇಕು, ನೆನಪಿರ್ಲಿ."